ದಮ್ ಹಿಡಿ

ಧನಪಾಲರ ತೋಟದ ಬಾವಿಯ ಮೆಟ್ಟಿಲ ಮೇಲೆ, ಎದೆಮಟ್ಟದ ನೀರಿನಲ್ಲಿ, ಗಂಗಾ ಮತ್ತೊಮ್ಮೆ ಬಾಯೊಳಗಿನ ರಬ್ಬರ್ ತುಂಡನ್ನು ಉಗುಳಿ ಎದ್ದು ನಿಂತಳು. ಮಾಸ್ಕನ್ನು ಹಣೆಗೇರಿಸಿ ಹೊರಗಿನ ಗಾಳಿಯನ್ನು ಗಟಗಟ ಕುಡಿದಳು. ಬೆನ್ನ ಮೇಲಿನ ಗಾಳಿಯ ಸಿಲಿಂಡರ್ ಅವಳನ್ನು ಹಿಂದಕ್ಕೆ ಜಗ್ಗುತ್ತಿತ್ತು. ಬೆಳಿಗ್ಗೆ ಹಣೆಗೆ ಹಚ್ಚಿಕೊಂಡಿದ್ದ ಬೀರಪ್ಪನ ಭಂಡಾರದ ಅರಿಸಿನ ನೀರಿಗೆ ಕರಗಿ ಮಾಸ್ಕಿನ ಗಾಜಿಗೆಲ್ಲ ಹಳದಿ ಬಳಿದಿತ್ತು.

ಬಾವಿಯ ಕಟ್ಟೆಯ ಮೇಲೆ ಕುಳಿತವರು ನಕ್ಕರು. ನಗದೆ ಇರುವುದು ಅವರಿಗೂ ಕಷ್ಟವೇ ಇತ್ತು. ಯಾಕೆಂದರೆ ಗಂಗಾ ಈಜು ಬಾರದವಳಲ್ಲ. ಅಂಕಲಿಯ ಸುತ್ತ, ಹೊಳೆಯ ದಂಡೆಯ ಊರುಗಳಲ್ಲಿ, ಅವಳಷ್ಟು ಹೊತ್ತು ನೀರಿನಲ್ಲಿ ಮುಳುಗಿ ಕೂರಬಲ್ಲವರು ಗಂಡಸರಲ್ಲೂ ಇರಲಿಲ್ಲ. ಆ ಕಡೆ ಮಕ್ಕಳಿಗೆ ಈಜು ಕಲಿಸುವ ರೀತಿ ಒಂದೇ. ಸೊಂಟಕ್ಕೆ ಹಗ್ಗ ಕಟ್ಟಿ, ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿ, "ದಮ್ ಹಿಡಿ" ಎಂದು ಕೂಗಿ ನೂಕಿಬಿಡುವುದು. ಗಂಗಾಳನ್ನು ಅವಳ ಅಪ್ಪ ಹಾಗೆಯೇ ನೂಕಿದ್ದ. ಅವಳು ಆಗ ಹಿಡಿದ ದಮ್ಮನ್ನು ಎಷ್ಟು ಹೊತ್ತು ಬಿಡಲಿಲ್ಲವೆಂದರೆ, ಅಪ್ಪನೇ ಹೆದರಿ ಬಟ್ಟೆ ಸಮೇತ ಹಾರಿದ್ದ ಎಂದು ಊರಲ್ಲಿ ಈಗಲೂ ಹೇಳುತ್ತಾರೆ.

"ಮೀನಿಗಿ ಗಾಳಿ ಕೊಟ್ರ ಮೀನ ಅಂಜಾಕತ್ತೈತಿ ನೋಡ್ರಿ" ಎಂದ ವಿಕ್ರಾಂತ. ಅವನೂ ಕಲಿಯಲು ಬಂದವನೇ. ಹೊಳೆಯಲ್ಲಿ ನಾಲ್ಕು ಕೈ ಹಾಕಿದರೆ ಏದುಸಿರು ಬಿಡುತ್ತಿದ್ದವನು ಸಿಲಿಂಡರ್ ಕಟ್ಟಿದ ಮೊದಲ ದಿನವೇ ಬಾವಿಯ ತಳ ಮುಟ್ಟಿ ಬಂದಿದ್ದ.

ಗಂಗಾ ಗಾಜಿನ ಹಳದಿಯನ್ನು ಹೆಬ್ಬೆರಳಿನಿಂದ ಒರೆಸಿ, ರಬ್ಬರ್ ತುಂಡನ್ನು ಮತ್ತೆ ಕಚ್ಚಿ, ಮತ್ತೆ ಮುಳುಗಿದಳು. ಮತ್ತೆ ಎದ್ದಳು.

ಅವಳಿಗೆ ಈ ಹಟ ಹುಟ್ಟಿದ್ದು ಹಿಂದಿನ ಮಳೆಗಾಲದಲ್ಲಿ. ಕೃಷ್ಣೆ ದಂಡೆ ಮೀರಿ ಬಂದು ಕೆಳಗಿನ ಓಣಿಯೆಲ್ಲ ನೀರಾಗಿತ್ತು. ಮನುಷ್ಯರನ್ನು ಊರ ಹಿರಿಯ ಬಾಳಾಸಾಬರ ದೋಣಿ ದಾಟಿಸಿತು. ಅದೇ ಓಣಿಯ ಸೋನಾಬಾಯಿಯ ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಗಳು ಅಲ್ಲಿಯೇ ಉಳಿದವು. ಗಂಗಾ ಈಜಿ ಹೋಗಿ, ಮುಳುಗಿ, ಗೂಟದ ಬುಡದಲ್ಲಿ ಹಗ್ಗಗಳನ್ನು ಕುಡುಗೋಲಿನಿಂದ ಕೊಯ್ದಳು. ಬಿಡುಗಡೆಯಾದ ಎಮ್ಮೆಗಳು ತಾವೇ ಈಜಿಕೊಂಡು ಹೋದವು. ಕೊನೆಯದಕ್ಕೆ ಮಾತ್ರ ಹಗ್ಗವಲ್ಲ, ಸರಪಳಿ. ಕೊಂಡಿ ತುಕ್ಕು ಹಿಡಿದಿತ್ತು. ಅವಳು ಮುಳುಗುವಳು, ಕೊಂಡಿಗೆ ಕೈ ಹಾಕುವಳು, ಅದು ಇಷ್ಟೇ ಇಷ್ಟು ಸಡಿಲಾಗುವಷ್ಟರಲ್ಲಿ ದಮ್ಮು ತೀರಿ ಮೇಲೆ ಬರುವಳು. ಎಮ್ಮೆ ಮೂಗನ್ನೊಂದೇ ನೀರಿನ ಮೇಲೆತ್ತಿ ಅವಳ ಕಡೆಗೇ ನೋಡುತ್ತಿತ್ತು. ಮುಳುಗಿ ಮುಳುಗಿ, ಒಂದು ಸಲ ಅವಳು ಮೇಲೆ ಬಂದಾಗ ಆ ಮೂಗು ಇರಲಿಲ್ಲ.

ನೀರು ಇಳಿದ ಮೇಲೆ ಶಾಲೆಯ ಅಂಗಳದಲ್ಲಿ ಸತ್ಕಾರ ಇಟ್ಟುಕೊಂಡರು. ಗಂಗಾಳ ಹೆಸರು ಕರೆದಾಗ ಅವಳು ಹೆಂಗಸರ ನಡುವೆ ಕುಳಿತಿದ್ದಳು. ಕಾಲು ಬಿಡಿಸಿಕೊಂಡು ಎದ್ದು ಬರುವಷ್ಟರಲ್ಲಿ ಶಾಲು ಅವಳ ಗಂಡ ಹಾಲೇಶನ ಹೆಗಲೇರಿತ್ತು. ನೆರೆ ಬಂದ ದಿನಗಳಲ್ಲಿ ಹಾಲೇಶ ಕುರಿ ಹಿಂಡಿನ ಜೊತೆ ಅಥಣಿಯ ಆಚೆ ಇದ್ದವನು, ನೀರನ್ನು ಕಣ್ಣಿನಿಂದಲೂ ಕಂಡವನಲ್ಲ. ಅವನೇ ನಾಚಿಕೊಂಡು ಮನೆಗೆ ಬಂದು ಶಾಲನ್ನು ಹೆಂಡತಿಯ ಕೈಗೆ ಕೊಟ್ಟ. ಗಂಗಾ ಅದನ್ನು ಮನೆಯ ಎಮ್ಮೆಯ ಕರುವಿಗೆ ಹೊದಿಸಿದಳು.

ಹಾಗಾಗಿ, ದಂಡೆಯ ಊರುಗಳಿಗೆ ರಕ್ಷಣೆಯ ತಂಡ ಕಟ್ಟುತ್ತಾರೆ, ಯಾವುದೋ ಟ್ರಸ್ಟಿನವರು ಎರಡು ಸಿಲಿಂಡರ್ ಸೆಟ್ಟು ಕೊಟ್ಟಿದ್ದಾರೆ, ನೀರಿನೊಳಗೆ ಉಸಿರಾಡುವುದನ್ನು ಕಲಿಸಲು ಸದಲಗಾದಿಂದ ಒಬ್ಬಳು ಬರುತ್ತಾಳೆ ಎಂಬ ಸುದ್ದಿ ಬಂದಾಗ ಗಂಗಾ ಯಾರನ್ನೂ ಕೇಳಲಿಲ್ಲ. ಮೊದಲು ಹೆಸರು ಕೊಟ್ಟು ಬಂದಳು, ಆಮೇಲೆ ಮನೆಯಲ್ಲಿ ಹೇಳಿದಳು. ನೀರಿನಡಿಯಲ್ಲಿ ಉಸಿರು ಸಿಗುವುದಾದರೆ ಆ ಕೊಂಡಿ ಬಿಚ್ಚುತ್ತಿತ್ತು. ಅವಳ ಲೆಕ್ಕ ಅಷ್ಟೇ.

ಹೆಸರು ಕೊಟ್ಟವರು ಮೂವರು. ಗಂಗಾ, ವಿಕ್ರಾಂತ, ಶಾಲೆಯ ಬಸ್ಸು ಓಡಿಸುವ ಭರಮು. ಸೆಟ್ಟು ಎರಡೇ. ಮೂವರಲ್ಲಿ ಇಬ್ಬರು ಇಳಿಯುವವರು, ಒಬ್ಬರು ದಂಡೆಯ ಮೇಲೆ ಹಗ್ಗ ಹಿಡಿಯುವವರು. ತಂಡದ ಹಿರಿಯರು ಬಾಳಾಸಾಬರು, ವಿಕ್ರಾಂತನ ಸೋದರಮಾವ.

ಕಲಿಸುವವಳು ಸಾರಿಕಾ. ಮಾಲವಣದ ಸಮುದ್ರದಲ್ಲಿ ಪ್ರವಾಸಿಗಳನ್ನು ನೀರಿನೊಳಗೆ ಕರೆದೊಯ್ದು ಮೀನು ತೋರಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವಳು. ಫೋನು ಎತ್ತಿದರೆ "ಜೈ ಭೀಮ್" ಎನ್ನುವಳು, ಒಂದೇ ಮಾತಿನಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ ಆಡುವಳು, ಗಂಗಾಳನ್ನು ಅತ್ತಿಗೆ ಎನ್ನದೆ ವೈನಿ ಎನ್ನುವಳು. ಮೊದಲ ದಿನವೇ ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ, ನೀರಿನೊಳಗೆ ಶ್ವಾಸ ಎಂದೂ ನಿಲ್ಲಿಸಬಾರದು, ಎಳೆಯುತ್ತಿರಬೇಕು, ಬಿಡುತ್ತಿರಬೇಕು, ಉಸಿರು ಕಟ್ಟಿಕೊಂಡು ಮೇಲಕ್ಕೆ ಬಂದರೆ ಒಳಗಿನ ಗಾಳಿ ಹಿಗ್ಗಿ ಎದೆಯನ್ನೇ ಹರಿಯುತ್ತದೆ ಎಂದು ಹೇಳಿದ್ದಳು. ಗಂಗಾ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಳು. ಕೇಳಿಸಿಕೊಳ್ಳುವುದರಲ್ಲಿ ಅವಳಿಗೆ ಕೊರತೆ ಇರಲಿಲ್ಲ.

ಆದರೆ ತಲೆ ನೀರಿನೊಳಗೆ ಹೋದೊಡನೆ ಮೈ ತನ್ನ ಮಾತನ್ನೇ ನಡೆಸುತ್ತಿತ್ತು. ಇಲ್ಲಿ ಉಸಿರಾಡುವಂತಿಲ್ಲ ಎಂದು ಗಂಟಲು ಬಾಗಿಲು ಹಾಕುತ್ತಿತ್ತು. ಕಣ್ಣು ಅಗಲವಾಗುತ್ತಿದ್ದವು. ಪಕ್ಕದಲ್ಲೇ ಮೆಟ್ಟಿಲ ಮೇಲೆ ನಿಂತ ಸಾರಿಕಾ ಅದನ್ನು ಗಾಜಿನೊಳಗಿಂದ ಕಂಡು, ಹೆಗಲ ಮೇಲೆ ಕೈಯಿಟ್ಟು, ಬಾಗಿ, ನೀರಿಗೆ ಬಾಯಿ ತಾಗುವ ಹಾಗೆ ಹೇಳುತ್ತಿದ್ದಳು: "ದಮ್ ಹಿಡಿ ವೈನಿ, ದಮ್ ಹಿಡಿ."

ಗಂಗಾ ಹಿಡಿಯುತ್ತಿದ್ದಳು. ಬಾಯಿಯ ಕೊಳವೆಯಿಂದ ಬಂದಷ್ಟು ಗಾಳಿಯನ್ನು ಎದೆಗೆ ತುಂಬಿ ಬೀಗ ಹಾಕುತ್ತಿದ್ದಳು. ಎದೆ ಗುಡಾಣದ ಹಾಗೆ ಉಬ್ಬಿ, ಸೊಂಟಕ್ಕೆ ಕಟ್ಟಿದ ಸೀಸದ ತೂಕವನ್ನೂ ಮೀರಿ ಮೈ ಮೇಲಕ್ಕೆ ತೇಲುತ್ತಿತ್ತು. ಮತ್ತೆ "ದಮ್ ಹಿಡಿ" ಕೇಳಿಸುತ್ತಿತ್ತು. ತುಂಬಿದ ಎದೆಗೆ ಇನ್ನಷ್ಟು ತುಂಬಲು ಹೋಗಿ, ಜಾಗವಿಲ್ಲದೆ, ಸತ್ತೆ ಎಂದುಕೊಂಡು ಎಲ್ಲವನ್ನೂ ಉಗುಳಿ ಎದ್ದು ನಿಲ್ಲುತ್ತಿದ್ದಳು.

ಆ ದಿನ ಪಾಠ ಮುಗಿದ ಮೇಲೆ ಬಾಳಾಸಾಬರು ಅವಳನ್ನು ಬೇವಿನ ನೆರಳಿಗೆ ಕರೆದರು. ಅವರು ಕೆಟ್ಟವರಲ್ಲ. ನೆರೆಯ ದಿನಗಳಲ್ಲಿ ಊಟ ನಿದ್ದೆ ಬಿಟ್ಟು ದೋಣಿ ನಡೆಸಿದವರು. ಮೊದಲು ಅವಳ ಈಜನ್ನು ಹೊಗಳಿದರು, ಹಾಲೇಶನ ಕುರಿಗಳು ಎಲ್ಲಿಯವರೆಗೆ ಹೋಗಿವೆ ಎಂದು ವಿಚಾರಿಸಿದರು, ಆಮೇಲೆ ವಿಷಯಕ್ಕೆ ಬಂದರು.

"ಗಂಗವ್ವ, ಹಗ್ಗ ಹಿಡಿಯೂದೂ ದೊಡ್ಡ ಕೆಲಸನ ಐತಿ. ಹೆಣ್ಣಮಕ್ಕಳ ದಮ್ಮು ಸಣ್ಣದು, ಅದು ದೇವರ ಕೊಟ್ಟದ್ದು. ನಾಳೆ ನೀರಾಗ ನಿನಗೇನರ ಆದ್ರ ಹಾಲೇಶಗ ನಾ ಏನ್ ಮುಖ ತೋರಿಸಲಿ?"

"ವಿಕ್ರಾಂತಗ ಏನರ ಆದ್ರ ಯಾರಿಗಿ ತೋರಸ್ತೀರಿ, ಕಾಕಾ?"

ಬಾಳಾಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. ರವಿವಾರ ಹೊಳೆಯಲ್ಲಿ ಪರೀಕ್ಷೆ ಇದೆ ಎಂದರು. ಹೊಳೆಗೆ ಅಡ್ಡ ಕಟ್ಟಿದ ಹಳೆಯ ಬಂಧಾರದ ಕೆಳಗಿನ ಮಡುವಿನಲ್ಲಿ ತಳಕ್ಕಿಳಿದು, ಅಲ್ಲಿಯೇ ಮಾಸ್ಕು ತೆಗೆದು ಮತ್ತೆ ಹಾಕಿಕೊಂಡು, ನಿಧಾನಕ್ಕೆ ಮೇಲೆ ಬರಬೇಕು. ಅಷ್ಟರೊಳಗೆ ಅವಳು ಈ ಬಾವಿಯ ಮೆಟ್ಟಿಲನ್ನೇ ದಾಟದಿದ್ದರೆ ಸೆಟ್ಟು ಭರಮುವಿನದು. ಭರಮು ದೂರದಲ್ಲಿ ನಿಂತು ನೆಲ ನೋಡುತ್ತಿದ್ದ. ಅವನಿಗೂ ಅಷ್ಟೇನೂ ಮನಸ್ಸಿರಲಿಲ್ಲ, ಆದರೆ ಬಾಳಾಸಾಬರಿಗೆ ಇಲ್ಲ ಎನ್ನುವ ಮನುಷ್ಯ ಅವನಲ್ಲ.

ಮನೆಗೆ ಬಂದರೆ ಅತ್ತೆ ಸಾವಕ್ಕನದು ಬೇರೆ. ಅವಳಿಗೆ ಸುದ್ದಿ ಆಗಲೇ ಮುಟ್ಟಿತ್ತು. ಹಗ್ಗವೇ ಒಳ್ಳೆಯದು, ದಂಡೆಯ ಮೇಲೆ ಸೀರೆ ಉಟ್ಟುಕೊಂಡು ನಿಲ್ಲಬಹುದು ಎಂದಳು. ನೀರಿಗಿಳಿಯುವಾಗ ತೊಡುವ, ಒಣಹಾಕಿದ ರಬ್ಬರ್ ಅಂಗಿಯನ್ನು ಎರಡು ಬೆರಳಿನಿಂದ ಎತ್ತಿ ನೋಡಿದಳು.

"ಟ್ರ್ಯಾಕ್ಟರ ಟ್ಯೂಬ ಸೀಳಿ ಮೈಗಿ ಹೊಲಿಸ್ಕೊಂಡಂಗ ಐತಿ. ಹೋದ ಎಮ್ಮಿ ಹೋತು. ಅದೇನ ತಿರುಗಿ ಬಂದು ಹಾಲ ಕೊಡತೈತೇನು?"

"ಮುಂದಿನ ಎಮ್ಮಿ ಕೊಡತೈತಿ, ಅತ್ತಿ."

ಸಾವಕ್ಕ ಅಂಗಿಯನ್ನು ಹಗ್ಗದ ಮೇಲೆ ಎಸೆದು ಒಳಗೆ ಹೋದಳು. ಹಾಲೇಶ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ಅಂಜಿಕೆ ಆದರೆ ಬಿಟ್ಟುಬಿಡು, ಯಾರೂ ಏನೂ ಅನ್ನುವುದಿಲ್ಲ ಎಂದ. ಅಂಜಿಕೆ ಆಗುತ್ತದೆ, ಅದಕ್ಕೇ ಬಿಡುವುದಿಲ್ಲ ಎಂದಳು ಗಂಗಾ. ಅವನು ಕುರಿಗಳಿಗೆ ನೀರು ಕುಡಿಸಬೇಕು ಎಂದು ಫೋನು ಇಟ್ಟ.

ಮರುದಿನ ಮುಂಜಾನೆ ಗಂಗಾ ಕೊಟ್ಟಿಗೆಯಲ್ಲಿ ಸಗಣಿ ಹೆಂಡಕಸ ಬಳಿಯುತ್ತಿದ್ದಳು. ಸಾವಕ್ಕ ಎಮ್ಮೆಯ ಕೆಳಗೆ ಕುಳಿತು ಹಾಲು ಹಿಂಡುತ್ತಿದ್ದಳು. ಕಟ್ಟಿದ ಕರು ತಾಯಿಯ ಕಡೆಗೆ ಜಗ್ಗುತ್ತ, ಕಾಲು ಕೆದರುತ್ತ, ಗೋಳಾಡುತ್ತಿತ್ತು. ಸಾವಕ್ಕ ತಲೆ ಎತ್ತದೆ ಅದಕ್ಕೆ ಹೇಳಿದಳು:

"ದಮ್ ಹಿಡಿ, ದಮ್ ಹಿಡಿ. ನಿನ್ನ ಪಾಲು ನಿನಗ ಐತಿ."

ಗಂಗಾಳ ಕೈ ನಿಂತಿತು. ಕರು ಬಾಯಿ ಮುಚ್ಚಿ ಉಸಿರು ಕಟ್ಟಿಕೊಳ್ಳಲಿಲ್ಲ. ಕಟ್ಟಿಕೋ ಎಂದು ಅತ್ತೆಯೂ ಹೇಳಿರಲಿಲ್ಲ. ತಾಳಿಕೋ ಎಂದಿದ್ದಳು. ಗಂಗಾ ತಾನೇ ದಿನಕ್ಕೆ ಎಷ್ಟು ಸಲ ಆ ಮಾತು ಆಡುವವಳು. ಒಲೆಯ ಮುಂದೆ ಅವಸರ ಮಾಡುವವರಿಗೆ, ಬಸ್ಸು ಹತ್ತಲು ನೂಕುವವರಿಗೆ, ದಮ್ ಹಿಡೀರಿ ಎನ್ನುವವಳು. ನೀರಿನ ಹತ್ತಿರ ಮಾತ್ರ ಆ ಮಾತಿಗೆ ಅವಳ ಮೈಯಲ್ಲಿ ಇದ್ದದ್ದು ಒಂದೇ ಅರ್ಥ, ಅಪ್ಪ ಬಾವಿಯ ಕಟ್ಟೆಯ ಮೇಲೆ ಕೂಗಿದ್ದು.

ಹೆಂಡಕಸದ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು, ಕೈ ತೊಳೆದು, ಅವಳು ಧನಪಾಲರ ತೋಟಕ್ಕೆ ನಡೆದಳು. ಸಾರಿಕಾ ಸಿಲಿಂಡರಿನ ಮೀಟರ್ ನೋಡುತ್ತಿದ್ದಳು.

"ಮೇಡಂ, ದಮ್ ಹಿಡಿ ಅಂತೀರಲ್ಲ, ಏನ್ ಹಿಡೀಲಿ?"

ಸಾರಿಕಾ ಮುಖ ನೋಡಿದಳು. "ಮತಲಬ್? ಧೀರ ಹಿಡಿ. ಗಡಬಡ ಮಾಡಬ್ಯಾಡ."

"ನಮ್ಮ ಕಡಿ ಬಾವ್ಯಾಗ ಹುಡುಗರನ್ನ ಒಗಿಯೂ ಮುಂದ ದಮ್ ಹಿಡಿ ಅಂತೀವ್ರಿ. ನೀವು ಅಂದ್ರಿ, ನಾ ಉಸಿರ ಹಿಡದೆ."

ಸಾರಿಕಾ ನಗಲು ಬಾಯಿ ತೆರೆದಳು. ನಗೆ ಅರ್ಧಕ್ಕೇ ನಿಂತುಹೋಯಿತು. ಅವಳು ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಮೆಟ್ಟಿಲ ಮೇಲೆ ಆದದ್ದು ಸರಿ ಹೋಯಿತು, ಇದೇ ಮಾತನ್ನು ತಾನು ಇವಳಿಗೆ ಬಾವಿಯ ಆಳಕ್ಕೆ ಇಳಿಯುವ ಮೊದಲು ಹೇಳಿ, ಇವಳು ಉಸಿರು ಕಟ್ಟಿಕೊಂಡೇ ಮೇಲೆ ಬಂದಿದ್ದರೆ ಏನಾಗುತ್ತಿತ್ತು ಎಂದು ತಾನೇ ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ. ಮಾಲವಣದಲ್ಲಿ ಹೆದರಿದವರಿಗೆಲ್ಲ ಮರಾಠಿಯಲ್ಲಿ ಇದೇ ಮಾತು ಹೇಳಿ ರೂಢಿ, ಅದನ್ನೇ ಕನ್ನಡ ಮಾಡಿ ಹೇಳುತ್ತ ಬಂದೆ ಎಂದಳು. ಆಮೇಲೆ ಎರಡೂ ಕೈಯಿಂದ ತನ್ನ ಕಿವಿ ಹಿಡಿದುಕೊಂಡಳು. ಗಂಗಾ ಅವಳ ಕೈಗಳನ್ನು ಕಿವಿಯಿಂದ ಬಿಡಿಸಿ, ಸಿಲಿಂಡರ್ ಕಟ್ಟಿರಿ ಎಂದಳು.

ಆ ದಿನ ಮೆಟ್ಟಿಲು ದಾಟಿದಳು. ಆದರೆ ಅಂಜಿಕೆ ದಾಟಲಿಲ್ಲ.

ಉಸಿರು ಈಗ ನಿಲ್ಲುತ್ತಿರಲಿಲ್ಲ, ಓಡುತ್ತಿತ್ತು. ಹಗ್ಗ ಹಿಡಿದು ಒಂದಾಳುದ್ದ ಕೆಳಗಿಳಿದರೆ ಸಾಕು, ಗಾಳಿ ಸಾಲದು, ಗಾಳಿ ಸಾಲದು ಎಂದು ಎದೆ ಬಡಿದುಕೊಳ್ಳುತ್ತಿತ್ತು. ಅವಳು ಎಳೆಯುವಳು, ಎಳೆಯುವಳು, ಇನ್ನೂ ಎಳೆಯುವಳು. ಬಾಯಾರಿದ ದನ ನೀರಿನ ಬಾನಿಗೆ ಮುಖ ಹಾಕಿದ ಹಾಗೆ. ಕೊಳವೆಯಲ್ಲಿ ಗಾಳಿ ಬರುತ್ತಲೇ ಇತ್ತು, ಆದರೂ ಸಾಲುತ್ತಿರಲಿಲ್ಲ. ಸಾರಿಕಾ ಮೇಲೆ ಕರೆತಂದು ಮೀಟರ್ ತೋರಿಸಿದಳು. ಇನ್ನೊಬ್ಬರಿಗೆ ಎಷ್ಟೋ ಹೊತ್ತು ಬರುವ ಗಾಳಿಯನ್ನು ಅವಳು ಆಗಲೇ ಮುಗಿಸಿದ್ದಳು. ಹೆದರಬೇಡ ಎಂದು ಸಾರಿಕಾ ಹೇಳಲಿಲ್ಲ. ಬಿಡುವುದನ್ನು ಕಲಿ ಎಂದಳು. ಹೇಗೆ ಎಂದು ಅವಳಿಗೂ ಹೇಳಲು ಬರಲಿಲ್ಲ. ತನ್ನ ಎದೆಯ ಮೇಲೆ ಕೈಯಿಟ್ಟು, ಕೈಯನ್ನು ಮೆಲ್ಲಗೆ ಕೆಳಗಿಳಿಸಿ ತೋರಿಸಿದಳು, ಅಷ್ಟೆ.

ಮಧ್ಯಾಹ್ನ ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಹಾಡಿಕೆಯ ತಾಲೀಮು ಇತ್ತು. ಗಂಗಾಳ ಮಾವ ಧರೆಪ್ಪ ಮೇಳದ ಮುಂದಾಳು. ಹೆಂಗಸರು ಗುಡಿಯ ಹೊರಗೆ, ಗೋಡೆಯ ನೆರಳಿನಲ್ಲಿ ಕೂರುವುದು ವಾಡಿಕೆ. ಗಂಗಾ ಮಾತು ಕಲಿಯುವುದಕ್ಕೆ ಮುಂಚೆಯೇ ತವರಿನ ಗುಡಿಯ ಗೋಡೆಗೆ ಬೆನ್ನು ಕೊಟ್ಟು ಈ ಪದಗಳನ್ನು ಕೇಳಿದವಳು. ಹಾಡಲು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಬಾಯಿ ಬಿಟ್ಟಿರಲಿಲ್ಲ. ಆದರೆ ಒಂದೊಂದು ಪದವೂ ಅವಳೊಳಗೆ ಸಾಲು ತಪ್ಪದೆ ಇತ್ತು.

ಅಂದು ಅವಳು ಪದ ಕೇಳಲಿಲ್ಲ. ಮಾವನ ಉಸಿರು ಕೇಳಿದಳು.

ಧರೆಪ್ಪನಿಗೆ ವಯಸ್ಸಾಗಿತ್ತು. ಮನೆಯಿಂದ ಗುಡಿಗೆ ನಡೆದು ಬರುವಷ್ಟರಲ್ಲಿ ನಿಂತು ಸುಧಾರಿಸಿಕೊಳ್ಳುವವನು. ಅಂಥವನು ಪದ ಎತ್ತಿದರೆ ಸೊಲ್ಲು ಹರಿಯುತ್ತಲೇ ಇತ್ತು.

*ಕರಿಯ ಕಂಬಳಿ ಹಾಸ್ಯಾನೋ ದೇವ ಹರಿಯೂ ಹೊಳಿಯ ಮ್ಯಾಲ,*
*ಕುರಿಯ ಮರಿಗಳು ನಡದಾವೋ ಅಲ್ಲಿ ಒಂದರ ಹಿಂದ ಒಂದ.*

ಸೊಲ್ಲು ಮುಗಿದ ಮೇಲೆ ಅವನು ಗಾಳಿಗಾಗಿ ಚಡಪಡಿಸಲಿಲ್ಲ. ಕೊನೆಯ ಅಕ್ಷರದವರೆಗೂ ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟು, ಬರಿದಾಗಿ, ಸುಮ್ಮನೆ ಬಾಯಿ ತೆರೆದುಕೊಂಡು ಕುಳಿತ. ಹಿಂದಿನವರು ಸೊಲ್ಲನ್ನು ಎತ್ತಿಕೊಂಡರು. ಅಷ್ಟರಲ್ಲಿ ಉಸಿರು ತಾನಾಗಿಯೇ ಬಂದು ಅವನಲ್ಲಿ ಕುಳಿತಿತ್ತು. ಕರೆಯದೆ ಬಂದದ್ದು. ಜಾಗ ಇದ್ದದ್ದಕ್ಕೆ ಬಂದದ್ದು.

ಗೋಡೆಯ ಈಚೆ ಕುಳಿತ ಗಂಗಾ ಮನಸ್ಸಿನಲ್ಲಿ ಅದೇ ಸೊಲ್ಲು ಹಿಡಿದಳು. ಹಾಡಲಿಲ್ಲ, ಉಸಿರಿನಲ್ಲಿ ಬಿಟ್ಟಳು. ಕಂಬಳಿಯಿಂದ ಹೊಳೆಯ ಮೇಲಿನವರೆಗೂ ಒಂದೇ ಉಸಿರು. ಮುಗಿಯಿತು ಎಂದ ಮೇಲೂ ಕೊಡುವುದಕ್ಕೆ ಇನ್ನೂ ಇಷ್ಟು ಇತ್ತು. ಅದನ್ನೂ ಕೊಟ್ಟಳು. ಕಾದಳು. ಉಸಿರು ಬಂತು. ಪಕ್ಕದಲ್ಲಿ ಕುಳಿತಿದ್ದ ಸೋನಾಬಾಯಿ, ಏನವ್ವ, ಮೈ ಸರಿ ಇಲ್ಲೇನು ಎಂದು ಕೇಳಿದಳು. ಸರಿ ಇದೆ ಎಂದು ಗಂಗಾ ತಲೆ ಆಡಿಸಿದಳು.

ಬಾವಿಯಲ್ಲಿ ಅದು ಒಂದೇ ದಿನಕ್ಕೆ ಆಗಲಿಲ್ಲ. ನೀರಿನೊಳಗೆ ಸೊಲ್ಲಿನ ಅರ್ಧದಲ್ಲೇ ಎದೆ ಕಿತ್ತುಕೊಂಡು ಗಾಳಿ ಎಳೆಯಲು ಓಡುತ್ತಿತ್ತು. ಅವಳು ಅದನ್ನು ಹಿಡಿದು ತಂದು, ಪೂರ್ತಿ ಬಿಡು ಎಂದು ಮತ್ತೆ ಕೂರಿಸುತ್ತಿದ್ದಳು. ಸೊಕ್ಕಿದ ಹೋತವನ್ನು ಕೊಂಬು ಹಿಡಿದು ತಿರುಗಿಸಿದ ಹಾಗೆ. ಒಂದು ಸಂಜೆ ಸಾರಿಕಾ ಕೆಳಗೆ ಇಳಿದು ನೋಡಿದರೆ, ಗಂಗಾ ಬಾವಿಯ ತಳದ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಅವಳ ಬಾಯಿಂದ ಗುಳ್ಳೆಗಳು ಉದ್ದನೆಯ ಸಾಲಾಗಿ ಏಳುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಏಳುತ್ತಿದ್ದವು. ಮೇಲೆ ಬಂದ ಮೇಲೆ ವಿಕ್ರಾಂತ ಅವಳ ಮೀಟರ್ ನೋಡಿದ, ತನ್ನದನ್ನೂ ನೋಡಿದ. "ವೈನಿ, ನೀವು ಕೆಳಗ ಉಸಿರಾಡತೀರೋ ಇಲ್ಲೋ?" ಎಂದು ಕೇಳಿದ. ಈ ಸಲ ಕೀಟಲೆ ಇರಲಿಲ್ಲ.

ರವಿವಾರ ಹೊಳೆಯ ದಂಡೆಯ ಮೇಲೆ ಜನ ಸೇರಿದ್ದರು. ಬಾವಿಯ ನೀರು ಬೇರೆ, ಹೊಳೆಯ ನೀರು ಬೇರೆ. ಹಳೆಯ ಬಂಧಾರದ ಕೆಳಗಿನ ಮಡು ಚಹಾದ ಬಣ್ಣದ್ದು. ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ವಿಕ್ರಾಂತ ಮೊದಲು ಇಳಿದ, ಎಲ್ಲವನ್ನೂ ಸರಿಯಾಗಿ ಮಾಡಿ ಬಂದ. ಜನ ಚಪ್ಪಾಳೆ ತಟ್ಟಿದರು. ಬಾಳಾಸಾಬರು ಭರಮುವಿಗೆ ರಬ್ಬರ್ ಅಂಗಿ ತೊಟ್ಟುಕೊಳ್ಳಲು ಹೇಳಿದ್ದರು. ಅವನು ತೊಟ್ಟು ಬಿಸಿಲಿನಲ್ಲಿ ಬೆವರುತ್ತ ನಿಂತಿದ್ದ.

ಗಂಗಾ ದಂಡೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಹಣೆಗೆ ಅಂದೂ ಭಂಡಾರ ಇತ್ತು. ಮಾಸ್ಕು ಹಳದಿಯಾದರೆ ಆಗಲಿ ಎಂದುಕೊಂಡಳು, ಹೇಗೂ ಕೆಳಗೆ ಏನೂ ಕಾಣುವುದಿಲ್ಲ.

ಸಾರಿಕಾ ಅವಳ ಮೊಣಕೈ ಹಿಡಿದು ಜೊತೆಗೆ ಇಳಿದಳು. ಬೆಳಕು ಕಂದಾಯಿತು, ಕಪ್ಪಾಯಿತು. ಕಿವಿ ಒತ್ತಿ ಬಂತು, ಮೂಗು ಹಿಡಿದು ಊದಿ ಬಿಡಿಸಿಕೊಂಡಳು. ಪಾದ ಕೆಸರಿಗೆ ತಾಗಿತು. ಅಲ್ಲಿಯವರೆಗೆ ಉಸಿರು ಮಾತು ಕೇಳಿತು. ಸಾರಿಕಾ ಅವಳ ಮೊಣಕೈಯನ್ನು ಒತ್ತಿದಳು. ಮಾಸ್ಕು ತೆಗೆಯುವ ಸನ್ನೆ ಅದು.

ತೆಗೆದಳು. ತಣ್ಣನೆಯ ನೀರು ಮುಖಕ್ಕೆ ಅಪ್ಪಳಿಸಿ ಮೂಗಿನೊಳಗೆ ನುಗ್ಗಿತು. ಗಂಟಲು ಕಪಾಟಿನ ಬಾಗಿಲಿನ ಹಾಗೆ ಬಡಿದುಕೊಂಡಿತು. ಹುಟ್ಟಿದಾಗಿನಿಂದ ಮೈಗೆ ಗೊತ್ತಿದ್ದ ಒಂದೇ ಕಾನೂನು ಎದ್ದು ನಿಂತು ಕೂಗಿತು: ಬಾಯಿ ಮುಚ್ಚು, ಮೇಲೆ ಹೋಗು. ಕಾಲು ಆಗಲೇ ಕೆಸರನ್ನು ಒದ್ದಿದ್ದವು. ತಲೆಯ ಮೇಲೆ, ಕಾಣದ ಎತ್ತರದಲ್ಲಿ, ಗಾಳಿ ಇತ್ತು, ಬಿಸಿಲಿತ್ತು, ಹಗ್ಗ ಇತ್ತು.

ಗಂಗಾ ಬಂಧಾರದ ಕಲ್ಲಿನ ಸಂದಿಗೆ ಬೆರಳು ಹೊಗಿಸಿ ಹಿಡಿದಳು. ಮುಚ್ಚಿಕೋ ಎಂದಳು ಗಂಟಲಿಗೆ. ಎಷ್ಟು ಹೊತ್ತು ಮುಚ್ಚಿಕೊಳ್ಳುತ್ತೀಯೋ ಮುಚ್ಚಿಕೋ. ನಾನು ಹೋಗುವವಳಲ್ಲ. ಈ ಕೈ ಬಿಡುವುದಿಲ್ಲ. ಬೇಕಾದರೆ ನೀನೊಂದೇ ಮೇಲೆ ಹೋಗು.

ಗಂಟಲು ಎಲ್ಲಿಗೆ ಹೋದೀತು. ಅವಳು ಕಾದಳು. ಎದೆಯೊಳಗೆ ಮೊದಲು ತೆರೆದದ್ದು ತೆಗೆದುಕೊಳ್ಳುವ ಬಾಗಿಲಲ್ಲ, ಕೊಡುವ ಬಾಗಿಲು. ಉಸಿರು ಹೊರಟಿತು, ಗುಳ್ಳೆಗಳು ಬರಿಯ ಕೆನ್ನೆಯನ್ನು ಸವರಿಕೊಂಡು ಮೇಲೇರಿದವು. ಪೂರ್ತಿ ಕೊಟ್ಟಳು. ಬರಿದಾದಳು. ಆಮೇಲೆ, ಬರಿ ಮುಖದಲ್ಲಿ, ಮೂಗಿನ ತುಂಬ ಕೃಷ್ಣೆಯ ನೀರು ಇಟ್ಟುಕೊಂಡು, ಬಾಯಿಂದ ನಿಧಾನವಾಗಿ ಉಸಿರೆಳೆದುಕೊಂಡಳು. ಅದು ಬಂತು.

ಅಂಜಿಕೆ ಹೋಗಲಿಲ್ಲ. ಅದು ಅವಳ ಪಕ್ಕದಲ್ಲಿ, ಕ್ಯಾಕರಿಸುತ್ತ, ಕೆಸರಿನಲ್ಲೇ ಕುಳಿತಿತ್ತು. ಕೂತರೆ ಕೂರಲಿ ಎಂದು ಅವಳು ಇನ್ನೊಂದು ಉಸಿರು ತೆಗೆದುಕೊಂಡಳು, ಬೇಕಿರದಿದ್ದರೂ ಮತ್ತೊಂದು ತೆಗೆದುಕೊಂಡಳು. ಸಾರಿಕಾ ಎರಡನೆಯ ಸಲ ಮೊಣಕೈ ಒತ್ತಿದ ಮೇಲೆ ಮಾಸ್ಕು ಹಾಕಿ, ಮೂಗಿನಿಂದ ಊದಿ ಅದರೊಳಗಿನ ನೀರು ಹೊರಹಾಕಿ, ಉಸಿರು ಬಿಡುತ್ತ ಬಿಡುತ್ತ ಮೇಲೆ ಬಂದಳು. ಎಲ್ಲಿಯೂ ಅವಸರ ಮಾಡಲಿಲ್ಲ.

ದಂಡೆಯ ಮೇಲೆ ಮೊದಲು ಕೂಗಿದವಳು ಸೋನಾಬಾಯಿ. ಹೆಂಗಸರ ನಡುವೆ, ಯಾರ ಜೊತೆಗೂ ಬರುವುದಿಲ್ಲ ಎಂದಿದ್ದ ಸಾವಕ್ಕ ಸೆರಗು ಬಾಯಿಗೆ ಹಚ್ಚಿ ನಿಂತಿದ್ದಳು. ಭರಮು ಯಾರೂ ಹೇಳದೆಯೇ ಅಂಗಿಯ ಜಿಪ್ಪು ಕೆಳಗೆಳೆದ.

ಸಾರಿಕಾ ಎಲ್ಲರಿಗೂ ಕೇಳುವ ಹಾಗೆ, ಪಾಸು ಎಂದಳು. ಬಾಳಾಸಾಬರು ಕೈ ಹಿಂದೆ ಕಟ್ಟಿಕೊಂಡು ನೀರಿನ ಅಂಚಿಗೆ ಬಂದರು. ಗಂಗಾ ಇನ್ನೂ ಕುತ್ತಿಗೆಮಟ್ಟ ನೀರಿನಲ್ಲಿದ್ದಳು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಒಪ್ಪಿಗೆಯೂ ಇರಲಿಲ್ಲ.

"ಇವತ್ತ ಬೀರಪ್ಪ ನಡಿಸ್ಯಾನ, ತಂಗಿ. ಒಮ್ಮೆ ಆದದ್ದು ದಿನಾ ಆಗತೈತಿ ಅಂತ ತಿಳಕೋಬ್ಯಾಡ. ಹಗ್ಗದ್ದು ಇನ್ನೊಮ್ಮೆ ವಿಚಾರ ಮಾಡೂಣು."

ಗಂಗಾ ಸಾರಿಕಾಳ ಕಡೆ ತಿರುಗಿ, ಮೀಟರ್ ನೋಡಿರಿ ಎಂದಳು. ಸಾರಿಕಾ ನೋಡಿದಳು.

"ಅರ್ಧಕ್ಕಿಂತ ಜಾಸ್ತಿ ಐತಿ, ವೈನಿ."

"ಹಂಗಾರ ಇನ್ನೊಮ್ಮೆ ಇಳಿಯೂಣು." ಗಂಗಾ ಬಾಳಾಸಾಬರ ಕಡೆ ನೋಡಿದಳು. "ಅಲ್ಲೇ ನಿಂದರ್ರಿ, ಕಾಕಾ. ನೀವು ಸಾಕ ಅನ್ನೂ ಮಟಾ ಹೋಗಿ ಬರತೀನಿ."

ಮಾಸ್ಕು ಎಳೆದುಕೊಂಡಳು, ರಬ್ಬರ್ ತುಂಡನ್ನು ಹಲ್ಲಿನಲ್ಲಿ ಕಚ್ಚಿದಳು, ಎದೆಯಲ್ಲಿದ್ದ ಉಸಿರನ್ನೆಲ್ಲ ಬಿಟ್ಟಳು. ಬಾಳಾಸಾಬರು ಏನೋ ಅಂದರು. ಅಷ್ಟರಲ್ಲಿ ಅವಳ ಕಿವಿ ನೀರಿನೊಳಗೆ ಹೋಗಿದ್ದವು.